ರೆಕಾರ್ಡನ್ನು ಒತ್ತಿ ಹಿಡಿಯಬೇಕೆ?

ಲಾಂಗ್‌ಪ್ಲೇ ರೆಕಾರ್ಡಿನ ಗೀರು ತಲೆಗೂದಲಿನ ಎಳೆಗಿಂತಲೂ ಕಿರಿದು. ಅದರ ಅಗಲ ಮಿಲಿಮೀಟರಿನ ಸುಮಾರು ಇಪ್ಪತ್ತನೆಯ ಒಂದು ಭಾಗ. ಗಾಯಕನ ಮೆಲುದನಿಯೂ ತಂಬೂರಿಯ ಝೇಂಕಾರವೂ ಆ ಗೀರಿನ ಎರಡು ಗೋಡೆಗಳ ಮೇಲೆ ಮೂಡಿಸಿರುವ ಓರೆಕೋರೆಗಳಾದರೋ ಇನ್ನೂ ಸೂಕ್ಷ್ಮ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯಾಗಿರುವುದೂ ಉಂಟು. ಇಷ್ಟು ಸಣ್ಣ ಚಲನೆಯನ್ನು ಸೂಜಿಯು ಓದುತ್ತಿರುವಾಗ ಪಕ್ಕದಲ್ಲಿ ಯಾರಾದರೂ ದಡದಡನೆ ನಡೆದರೆ, ನೆಲದ ಕಂಪವು ಸೂಜಿಯವರೆಗೆ ಹರಿದು, ಹಾಡಿನ ಜೊತೆಗೆ ಹೆಜ್ಜೆಯ ಸದ್ದನ್ನೂ ನಮಗೆ ಕೇಳಿಸುತ್ತದೆ. ಸೂಜಿಗೆ ರಾಗ ಯಾವುದು, ಹೆಜ್ಜೆ ಯಾವುದು ಎಂಬ ವಿವೇಕವಿಲ್ಲ.

ಈ ತೊಂದರೆಯನ್ನು ತಪ್ಪಿಸಲು ಯಂತ್ರ ನಿರ್ಮಾಪಕರು ಎರಡು ದಾರಿಗಳನ್ನು ಹಿಡಿದಿದ್ದಾರೆ. ಯಂತ್ರವನ್ನು ಅಲುಗದಷ್ಟು ಭಾರವಾಗಿ ಮಾಡುವುದು ಒಂದು ದಾರಿ. ಮುಖ್ಯ ಭಾಗಗಳನ್ನು ಸ್ಪ್ರಿಂಗುಗಳ ಮೇಲೆ ತೂಗುಬಿಡುವುದು ಇನ್ನೊಂದು. 1961ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯು ಎಡ್ಗರ್ ವಿಲ್ಚರ್ ಅವರು ರೂಪಿಸಿದ ಟರ್ನ್‌ಟೇಬಲ್ ಒಂದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ರೆಕಾರ್ಡನ್ನು ಹೊರುವ ತಿರುಗುಮಣೆ ಮತ್ತು ಸೂಜಿಯನ್ನು ಹೊರುವ ತೋಳು ಇವೆರಡೂ ಒಂದೇ ಒಳಚೌಕಟ್ಟಿಗೆ ಸೇರಿದ್ದವು; ಆ ಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ನಿಂತಿತ್ತು. ಮೋಟಾರು ಮಾತ್ರ ಹೊರಗಿನ ಫಲಕಕ್ಕೆ ಬಿಗಿಯಲ್ಪಟ್ಟು, ರಬ್ಬರಿನ ಬೆಲ್ಟಿನ ಮೂಲಕ ಮಣೆಯನ್ನು ತಿರುಗಿಸುತ್ತಿತ್ತು. ಸ್ವಿಟ್ಜರ್ಲೆಂಡಿನ ಥೋರೆನ್ಸ್ ಸಂಸ್ಥೆಯೂ, 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಸಂಸ್ಥೆಯೂ ಇದೇ ಮಾದರಿಯನ್ನು ಬೆಳೆಸಿದವು. ಮಣೆ ಮತ್ತು ತೋಳು ಒಟ್ಟಿಗೆ ಅಲುಗಿದರೆ ಅವುಗಳ ನಡುವಿನ ಅಂತರ ಬದಲಾಗದು. ಆದ್ದರಿಂದ ಸೂಜಿಗೆ ಆ ಅಲುಗಾಟ ತಿಳಿಯದು. ಉಪಾಯ ಸರಳವಾದುದು, ಆದರೆ ಜಾಣತನದ್ದು.

ಇಂತಹ ಯಂತ್ರವುಳ್ಳವರನ್ನು ಕಾಡುವ ಒಂದು ಪ್ರಶ್ನೆಯನ್ನು ನಾವು ಈ ಲೇಖನದಲ್ಲಿ ಎತ್ತಿಕೊಂಡಿದ್ದೇವೆ. ತಿರುಗುಮಣೆಯ ನಡುಗೂಟಕ್ಕೆ ಸಿಕ್ಕಿಸಿ ರೆಕಾರ್ಡನ್ನು ಒತ್ತಿ ಹಿಡಿಯುವ ಕ್ಲಾಂಪು ಎಂಬ ಉಪಕರಣ ಅಂಗಡಿಗಳಲ್ಲಿ ದೊರೆಯುತ್ತದೆ. ಸ್ಪ್ರಿಂಗಿನ ಮೇಲೆ ತೂಗುವ ಮಣೆಗೆ ಅದನ್ನು ಹಾಕಬಹುದೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ದೂರದ್ದೆಂದು ತೋರಬಹುದು. ಹಾಗೇನೂ ಇಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಯ ಪಶ್ಚಿಮಕ್ಕೆ ಗದಗು, ಧಾರವಾಡಗಳ ಸಂಗೀತದ ನೆಲವಿದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರ ಧ್ವನಿಯುಳ್ಳ ರೆಕಾರ್ಡುಗಳು ಹಲವು ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿರಬಹುದು. ಆದರೆ ಇಲ್ಲಿಯ ಬೇಸಿಗೆ ರೆಕಾರ್ಡುಗಳಿಗೆ ಹಿತವಲ್ಲ. ವೈಶಾಖದ ಬಿಸಿಲಿಗೆ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು ಇಲ್ಲಿ ಅಪರೂಪವಲ್ಲ. ಹಳೆಯ ಮಣ್ಣಿನ ಮಾಳಿಗೆಯ ಮನೆ ಅದನ್ನು ತಡೆದುಕೊಳ್ಳುತ್ತದೆ. ತಗಡಿನ ಮಾಡು ತಡೆಯಲಾರದು. ಲಾಂಗ್‌ಪ್ಲೇ ರೆಕಾರ್ಡಿನ ವಿನೈಲ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಅಟ್ಟದ ಮೇಲೆ ಓರೆಯಾಗಿ ಒರಗಿಸಿಟ್ಟ ರೆಕಾರ್ಡು ಅದಕ್ಕಿಂತ ಕಡಿಮೆ ಶಾಖದಲ್ಲಿಯೂ, ತಿಂಗಳುಗಟ್ಟಲೆ ತನ್ನ ಭಾರವನ್ನು ತಾನೇ ಹೊತ್ತು, ಮೆಲ್ಲಮೆಲ್ಲನೆ ಸೊಟ್ಟಗಾಗುತ್ತದೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಕಾಲದ ಬರಹ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಉಳಿದು ಬಂದಿದೆ. ವಿನೈಲಿನ ಮೇಲಿನ ಬರಹಕ್ಕೆ ಆ ಭಾಗ್ಯವಿಲ್ಲ. ಸೊಟ್ಟಗಾದ ರೆಕಾರ್ಡು ತಿರುಗುವಾಗ ಸೂಜಿ ದೋಣಿಯಂತೆ ಏಳುತ್ತ ಬೀಳುತ್ತ ಸಾಗುತ್ತದೆ, ಸ್ವರವು ಓಲಾಡುತ್ತದೆ. ಒಂದೇ ಪ್ರತಿ ಉಳಿದಿರುವ ಮನೆಯವರು ಕ್ಲಾಂಪನ್ನು ಕೊಳ್ಳಬೇಕೆಂದು ಯೋಚಿಸಿದರೆ ಅದು ಸಹಜವೇ ಸರಿ.

ಕ್ಲಾಂಪು ಎಂಬ ಒಂದೇ ಹೆಸರಿನಿಂದ ಎರಡು ಭಿನ್ನ ಉಪಕರಣಗಳನ್ನು ಜನರು ಕರೆಯುತ್ತಾರೆ. ಗೊಂದಲಕ್ಕೆಲ್ಲ ಮೂಲ ಇದೇ. ಒಂದು, ಬರಿಯ ಭಾರದ ಗುಂಡು: ಹಿತ್ತಾಳೆಯದೋ ಉಕ್ಕಿನದೋ ಆದ, ನಡುವೆ ತೂತುಳ್ಳ, ಸಾಮಾನ್ಯವಾಗಿ ಅರ್ಧ ಕಿಲೋಗ್ರಾಮಿನಿಂದ ಒಂದು ಕಿಲೋಗ್ರಾಮಿನವರೆಗೆ ತೂಗುವ ಗುಂಡು. ಅದು ತನ್ನ ತೂಕದಿಂದಲೇ ರೆಕಾರ್ಡನ್ನು ಒತ್ತುತ್ತದೆ. ಇನ್ನೊಂದು, ನಿಜವಾದ ಹಿಡಿಕೆ: ತಿರುಪಿನಿಂದಲೋ ಒಳಗಿನ ಬಿಗಿಯುವ ಬಾಯಿಯಿಂದಲೋ ನಡುಗೂಟವನ್ನೇ ಕಚ್ಚಿ ಹಿಡಿದು, ಆ ಹಿಡಿತದ ಬಲದಿಂದ ರೆಕಾರ್ಡನ್ನು ಕೆಳಕ್ಕೆ ಅದುಮುವಂತಹದು. ಇದರ ತೂಕ ನೂರು ಗ್ರಾಮಿನಷ್ಟಿದ್ದರೂ ಸಾಕು. ಕಣ್ಣಿಗೆ ಎರಡೂ ಒಂದೇ ಬಗೆಯವೆಂದು ಕಾಣುತ್ತವೆ. ಸ್ಪ್ರಿಂಗಿಗೆ ಹಾಗಲ್ಲ.

ಮೊದಲು ಗುಂಡಿನ ವಿಚಾರ. ಹಿಂದೆ ನಮ್ಮ ಊರುಗಳಲ್ಲಿ ಓಡಾಡುತ್ತಿದ್ದ ಟಾಂಗಾವನ್ನು ಹಿರಿಯರು ಬಲ್ಲರು. ಎತ್ತಿನ ಬಂಡಿಗೆ ಇಲ್ಲದ ಸ್ಪ್ರಿಂಗು ಟಾಂಗಾಕ್ಕೆ ಇರುತ್ತಿತ್ತು. ದಾರಿಯ ಕಲ್ಲು ಪ್ರಯಾಣಿಕನ ಬೆನ್ನಿಗೆ ತಾಗುತ್ತಿರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ದಪ್ಪನೆಯ ಗಿರಾಕಿ ಕುಳಿತನೆಂದರೆ ಗಾಡಿ ಹಿಂದಕ್ಕೆ ವಾಲಿ, ಮುಂದಿನ ಕಂಬಗಳು ಕುದುರೆಯ ಬೆನ್ನಿನಿಂದ ಮೇಲಕ್ಕೇಳುತ್ತಿದ್ದವು. ಆಗ ಟಾಂಗಾವಾಲನು “ಸ್ವಲ್ಪ ಮುಂದಕ್ಕೆ ಬರ್ರಿ ಯಪ್ಪಾ” ಎನ್ನದೆ ಗಾಡಿ ಹೂಡುತ್ತಿರಲಿಲ್ಲ. ಸ್ಪ್ರಿಂಗಿನ ಮೇಲಿನ ಯಾವ ವಸ್ತುವಿಗೂ ಭಾರ ಎಷ್ಟು ಎಂಬುದರಷ್ಟೇ ಭಾರ ಎಲ್ಲಿ ಎಂಬುದೂ ಮುಖ್ಯ.

ಲೆಕ್ಕ ಹಾಕಿ ನೋಡೋಣ. ಸ್ಪ್ರಿಂಗುಗಳ ಮೇಲಿರುವ ಒಟ್ಟು ಭಾಗದ ತೂಕ 5 ಕಿಲೋಗ್ರಾಮು, ಅದು ಒಮ್ಮೆ ಒತ್ತಿ ಬಿಟ್ಟರೆ ಸೆಕೆಂಡಿಗೆ 4 ಸಲ ಕುಣಿಯುತ್ತದೆ ಎಂದು ಭಾವಿಸಿರಿ. ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗಿದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ ಸೆಕೆಂಡಿನ ಕುಣಿತಗಳ ಸಂಖ್ಯೆ ಹೆಚ್ಚುಕಡಮೆ ಸರಿಯಾಗಿ ದೊರೆಯುತ್ತದೆ. ಇದನ್ನು ತಿರುಗಿಸಿ ನೋಡಿದರೆ ನಮ್ಮ ಯಂತ್ರದ ಸ್ಪ್ರಿಂಗುಗಳು ಸುಮಾರು 15.5 ಮಿಲಿಮೀಟರ್ ತಗ್ಗಿರಬೇಕು. ಈಗ ಮುಕ್ಕಾಲು ಕಿಲೋಗ್ರಾಮಿನ ಗುಂಡನ್ನು ಇಡೋಣ. ತೂಕ ಶೇಕಡ 15ರಷ್ಟು ಏರಿತು. ಮಣೆಯು ಸರಾಸರಿ ಇನ್ನೂ 2.3 ಮಿಲಿಮೀಟರ್ ಇಳಿಯಿತು. ಕುಣಿತದ ಸಂಖ್ಯೆ 4ರಿಂದ 3.73ಕ್ಕೆ ಬಂದಿತು.

ಈ ಕೊನೆಯ ಸಂಖ್ಯೆಯಿಂದ ಕೇಡೇನೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಗಂಗಾವತಿಯ ಭತ್ತದ ಗಿರಣಿಯೊಂದರ ಪಕ್ಕದ ಮನೆಯಲ್ಲಿ ಯಂತ್ರವಿದೆ. ಗಿರಣಿಯ ದಂಡವೊಂದು ನಿಮಿಷಕ್ಕೆ 720 ಸುತ್ತು, ಎಂದರೆ ಸೆಕೆಂಡಿಗೆ 12 ಸುತ್ತು ತಿರುಗುತ್ತ ನೆಲವನ್ನು ನಡುಗಿಸುತ್ತಿದೆ ಎಂದು ಊಹಿಸಿಕೊಳ್ಳಿರಿ. 12ನ್ನು 4ರಿಂದ ಭಾಗಿಸಿದರೆ 3. ಅದರ ವರ್ಗ 9. ಒಂದನ್ನು ಕಳೆದರೆ 8. ನೆಲದ ನಡುಕದ ಎಂಟನೆಯ ಒಂದು ಭಾಗ ಮಾತ್ರ ಮಣೆಯನ್ನು ಮುಟ್ಟುತ್ತದೆ. ಗುಂಡು ಇಟ್ಟ ಮೇಲೆ ಅದು ಒಂಬತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆಯಾಗುತ್ತದೆ. ಎಂದರೆ ಭಾರ ಹೆಚ್ಚಿದಂತೆ ರಕ್ಷಣೆ ಕೊಂಚ ಉತ್ತಮಗೊಂಡಿತು! ಗುಂಡಿನಿಂದ ಸ್ಪ್ರಿಂಗಿನ ಗುಣವೇ ಕೆಡುತ್ತದೆಂದು ಹೇಳುವವರ ವಾದ ಇಲ್ಲಿ ನಿಲ್ಲುವುದಿಲ್ಲ.

ಕೇಡು ಇರುವುದು ಬೇರೆ ಕಡೆ. ಗುಂಡು ಕುಳಿತುಕೊಳ್ಳುವುದು ನಡುಗೂಟದ ಮೇಲೆ. ಮೂರು ಸ್ಪ್ರಿಂಗುಗಳ ತ್ರಿಕೋನದ ನಟ್ಟನಡುವೆ ನಡುಗೂಟವು ಇರಲೇಬೇಕೆಂದಿಲ್ಲ. ತೋಳಿನ ಭಾರ ಒಂದು ಬದಿಗಿರುವುದರಿಂದ ಹಲವು ಯಂತ್ರಗಳಲ್ಲಿ ಅದು ಎರಡು ಸ್ಪ್ರಿಂಗುಗಳಿಗೆ ಹತ್ತಿರವೂ ಮೂರನೆಯದಕ್ಕೆ ದೂರವೂ ಆಗಿರಬಹುದು. 750 ಗ್ರಾಮಿನಲ್ಲಿ ಹತ್ತಿರದ ಎರಡು ಸ್ಪ್ರಿಂಗುಗಳಿಗೆ ತಲಾ 300 ಗ್ರಾಮು, ದೂರದ ಒಂದಕ್ಕೆ 150 ಗ್ರಾಮು ಹಂಚಿಹೋದರೆ, ಮೊದಲಿನವು 2.8 ಮಿಲಿಮೀಟರ್ ತಗ್ಗುತ್ತವೆ, ಮೂರನೆಯದು 1.4 ಮಿಲಿಮೀಟರ್ ಮಾತ್ರ. ಮಣೆ ಓರೆಯಾಯಿತು. ಈ ಓರೆ ಕಾಲುಡಿಗ್ರಿಗೆ ಸ್ವಲ್ಪ ಹೆಚ್ಚು. ಸಮತೂಕದ ತೋಳಿಗೆ ಇದು ಲೆಕ್ಕಕ್ಕೆ ಬರುವಂತಹದಲ್ಲ. ಆದರೆ ಸರಿಯಾಗಿ ಹೊಂದಿಸಿದ ಯಂತ್ರದ ಮಣೆ ಕೊಡದಲ್ಲಿ ಮುಳುಗಿಸಿದ ಬಿಂದಿಗೆಯಂತೆ ನೆಟ್ಟಗೆ ಮೇಲಕ್ಕೆ ಕೆಳಕ್ಕೆ ಕುಣಿಯಬೇಕು. ಹಂಚಿಕೆ ಕೆಟ್ಟರೆ ಅದು ಅಕ್ಕಪಕ್ಕಕ್ಕೆ ತೊನೆಯುತ್ತ ಕುಣಿಯತೊಡಗುತ್ತದೆ. ಮೋಟಾರು ಹೊರಗಿನ ಫಲಕದಲ್ಲಿ ನಿಶ್ಚಲವಾಗಿದೆಯಷ್ಟೆ? ಮಣೆ ಅದರ ಕಡೆಗೂ ಅದರಿಂದಾಚೆಗೂ ತೊನೆದಾಗ ನಡುವಣ ಬೆಲ್ಟು ಒಮ್ಮೆ ಸಡಿಲವಾಗಿ ಒಮ್ಮೆ ಬಿಗಿಯಾಗುತ್ತದೆ. ತಿರುಗುವ ವೇಗ ಏರಿಳಿಯುತ್ತದೆ. ದೀರ್ಘವಾಗಿ ನಿಲ್ಲಿಸಿದ ಷಡ್ಜವು ನಡುಗುತ್ತದೆ. ರೆಕಾರ್ಡಿನ ಸೊಟ್ಟಿನಿಂದ ಆಗುತ್ತಿದ್ದ ಓಲಾಟವನ್ನು ಹೋಗಲಾಡಿಸಲು ಹೋಗಿ ಇನ್ನೊಂದು ಓಲಾಟವನ್ನು ಮನೆಗೆ ಕರೆತಂದಂತಾಯಿತು. ಇದರ ಜೊತೆಗೆ ಗುಂಡು ಮಣೆಯ ಮೇಲೆ ಎತ್ತರದಲ್ಲಿ ಕೂಡುವುದರಿಂದ ಇಡೀ ತೂಗುಭಾಗದ ಗುರುತ್ವಕೇಂದ್ರವೂ ಮೇಲೇರಿ, ತೊನೆದಾಟಕ್ಕೆ ಇನ್ನಷ್ಟು ಅನುಕೂಲವಾಗುತ್ತದೆ. ಮಣೆ ತೀರ ಕೆಳಗಿಳಿದರೆ ಫಲಕಕ್ಕೆ ಉಜ್ಜುವುದೂ, ಬೆಲ್ಟು ತನ್ನ ಜಾಡು ಬಿಟ್ಟು ಗಾಲಿಯ ಅಂಚಿಗೆ ಹತ್ತುವುದೂ ಉಂಟು.

ಗುಂಡಿನಿಂದ ತಿರುಗುವ ಗತಿ ಸ್ಥಿರವಾಗುತ್ತದೆಂಬ ಒಂದು ನಂಬಿಕೆಯಿದೆ. ಇದು ಪರೀಕ್ಷೆಗೆ ನಿಲ್ಲದು. ತಿರುಗುವ ವಸ್ತುವಿನ ಜಡತ್ವಕ್ಕೆ ತೂಕದ ಜೊತೆಗೆ ತ್ರಿಜ್ಯದ ವರ್ಗವೂ ಸೇರುತ್ತದೆ. 2 ಕಿಲೋಗ್ರಾಮಿನ, 15 ಸೆಂಟಿಮೀಟರ್ ತ್ರಿಜ್ಯದ ಮಣೆಗೆ ಅದು 225 ಎಂದಾದರೆ, 4 ಸೆಂಟಿಮೀಟರ್ ತ್ರಿಜ್ಯದ ನಮ್ಮ ಗುಂಡಿಗೆ ಕೇವಲ 6. ಶೇಕಡ ಮೂರೂ ಆಗಲಿಲ್ಲ. ಬೀಸುವ ಕಲ್ಲಿನ ಗೂಟವನ್ನು ಅಂಚಿಗೆ ಹೊಡೆಯುತ್ತಾರೆಯೇ ಹೊರತು ನಡುವೆ ಹೊಡೆಯುವುದಿಲ್ಲ. ತಿರುಗುವ ವಸ್ತುವಿನ ಮೇಲಿನ ಹತೋಟಿಯೆಲ್ಲ ಅಂಚಿನಲ್ಲಿದೆ ಎಂಬುದನ್ನು ನಮ್ಮ ಅಜ್ಜಿಯರು ಕೈಯಿಂದಲೇ ಬಲ್ಲವರಾಗಿದ್ದರು.

ಇನ್ನು ಕಚ್ಚಿ ಹಿಡಿಯುವ ಹಿಡಿಕೆ. ಇಲ್ಲಿ ನ್ಯೂಟನ್ನನ ಮೂರನೆಯ ನಿಯಮವು ನಮ್ಮ ನೆರವಿಗೆ ಬರುತ್ತದೆ. ಹಿಡಿಕೆಯು ರೆಕಾರ್ಡನ್ನು 5 ಕಿಲೋಗ್ರಾಮಿನಷ್ಟು ಬಲದಿಂದ ಕೆಳಕ್ಕೆ ಒತ್ತುತ್ತಿದೆಯೆನ್ನಿ. ಅದೇ ಕ್ಷಣದಲ್ಲಿ ಅದು ನಡುಗೂಟವನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತಿರುತ್ತದೆ. ನಡುಗೂಟವೂ ಮಣೆಯೂ ಒಂದಕ್ಕೊಂದು ಸೇರಿದವು. ಆದ್ದರಿಂದ ಈ ಎರಡು ಬಲಗಳು ತಮ್ಮೊಳಗೇ ತೀರಿಹೋಗುತ್ತವೆ. ಹೊರಗಿನ ಸ್ಪ್ರಿಂಗಿಗೆ ಅವುಗಳ ಸುದ್ದಿಯೇ ಮುಟ್ಟುವುದಿಲ್ಲ. ಸ್ಪ್ರಿಂಗು ಹೊರಬೇಕಾದದ್ದು ಹಿಡಿಕೆಯ ಸ್ವಂತ ತೂಕವಾದ 100 ಗ್ರಾಮನ್ನು ಮಾತ್ರ. ಅದರಿಂದ ನಮ್ಮ ಮಣೆ ಇಳಿಯುವುದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ನಂಬಿಕೆ ಬಾರದವರು ಶಾಲೆಯ ಪ್ರಯೋಗಶಾಲೆಯಿಂದ ಒಂದು ಸ್ಪ್ರಿಂಗ್ ತಕ್ಕಡಿಯನ್ನು ತಂದು ಅದಕ್ಕೆ ಒಂದು ಪುಸ್ತಕವನ್ನು ತೂಗುಹಾಕಿರಿ. ಮುಳ್ಳು ಎಲ್ಲಿದೆಯೆಂದು ನೋಡಿಕೊಂಡು, ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಪುಸ್ತಕದ ಅಂಚಿಗೆ ಸಿಕ್ಕಿಸಿರಿ. ಕ್ಲಿಪ್ಪು ಬೆರಳು ನೋಯುವಷ್ಟು ಬಲವಾಗಿ ಕಚ್ಚುವಂತಹದಾಗಿರಲಿ, ಸಡಿಲವಾದದ್ದಾಗಿರಲಿ, ತಕ್ಕಡಿ ತೋರಿಸುವುದು ಕ್ಲಿಪ್ಪಿನ ತೂಕವನ್ನು. ಅದರ ಕಚ್ಚುವ ಬಲವನ್ನಲ್ಲ. ತತ್ತ್ವದ ದೃಷ್ಟಿಯಿಂದ ಹಿಡಿಕೆಯನ್ನು ಕಿನ್ನಾಳದ ಗೊಂಬೆ ಮಾಡುವ ಹಗುರ ಮರದಿಂದ ಮಾಡಿದರೂ ನಡೆದೀತು. ಬಾಳಿಕೆಯ ಮಾತು ಬೇರೆ. ಕೆಲವು ಬೆಲೆಯುಳ್ಳ ಯಂತ್ರಗಳಲ್ಲಿ ರೆಕಾರ್ಡಿನ ಅಡಿಯ ಗಾಳಿಯನ್ನೇ ಹೀರಿ ತೆಗೆಯುವ ವ್ಯವಸ್ಥೆಯೂ ಉಂಟು. ಅಲ್ಲಿ ವಾಯುಭಾರದ ಹತ್ತನೆಯ ಒಂದು ಭಾಗದ ವ್ಯತ್ಯಾಸವಾದರೂ ರೆಕಾರ್ಡಿನ ಮೇಲೆ ಸುಮಾರು 70 ಕಿಲೋಗ್ರಾಮಿನ ಒತ್ತಡ ಬೀಳುತ್ತದೆ. ಮಣೆಯ ಮೇಲೆ ಆಳೊಬ್ಬನು ಹತ್ತಿ ಕುಳಿತಂತೆ! ಆದರೂ ಸ್ಪ್ರಿಂಗು ಕದಲುವುದಿಲ್ಲ. ಏಕೆಂದರೆ ಅಷ್ಟೇ ಗಾಳಿ ಮಣೆಯನ್ನು ಅಡಿಯಿಂದ ಮೇಲಕ್ಕೂ ಒತ್ತುತ್ತಿರುತ್ತದೆ.

ಸ್ಪ್ರಿಂಗಿನ ಮೇಲಿನ ಮಣೆಗೆ ಗುಂಡು ಸಲ್ಲದು, ಹಗುರವಾದ ಹಿಡಿಕೆ ಸಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕೆನಡಾದ ಆರಕಲ್, ಇಂಗ್ಲೆಂಡಿನ ಮಿಚೆಲ್ ಮೊದಲಾದ ಸಂಸ್ಥೆಗಳು ತಮ್ಮ ತೂಗುಮಣೆಗಳೊಡನೆ ಹಗುರ ಹಿಡಿಕೆಯನ್ನು ತಾವೇ ಕೊಟ್ಟಿರುವುದು ಇದಕ್ಕೆ ಅನುಗುಣವಾಗಿದೆ. ಗುಂಡನ್ನೇ ಬಳಸುವ ಹಟವಿದ್ದವರಿಗೂ ಒಂದು ದಾರಿಯಿದೆ. ಗುಂಡನ್ನು ಮೇಲಿಟ್ಟುಕೊಂಡೇ ಸ್ಪ್ರಿಂಗುಗಳ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ, ಗೌಂಡಿಗಳು ಬಳಸುವ ರಸಮಟ್ಟದಂತಹ ಚಿಕ್ಕದೊಂದನ್ನು ಮಣೆಯ ಮೇಲಿಟ್ಟು ಸಮ ಮಾಡಿಕೊಳ್ಳಬೇಕು; ಕುಣಿತ ನೆಟ್ಟಗಾಗುವವರೆಗೆ ಬಿಡಬಾರದು. ಆದರೆ ಅಂದಿನಿಂದ ಗುಂಡಿಲ್ಲದೆ ಒಂದು ರೆಕಾರ್ಡನ್ನೂ ನುಡಿಸುವಂತಿಲ್ಲ. ಇಂದು ಗುಂಡು, ನಾಳೆ ಬರಿಮಣೆ ಎಂಬುದು ಮಾತ್ರ ನಡೆಯದು. ನಡುಗೂಟದ ತಳದ ಬೇರಿಂಗಿನ ಮೇಲೆ ಭಾರ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗುವುದರಿಂದ ಎಣ್ಣೆಯ ಕಡೆಗೂ ಗಮನವಿರಬೇಕು.

ಹಳೆಯ ಪೆಟ್ಟಿಗೆ ಯಂತ್ರಗಳಲ್ಲಿಯೂ ಸ್ಪ್ರಿಂಗು ಇರುವುದನ್ನು ಕೆಲವರು ಕಂಡಿರಬಹುದು. ಅಲ್ಲಿ ಮೋಟಾರು, ಮಣೆ, ತೋಳು ಮೂರೂ ಒಂದೇ ಫಲಕದ ಮೇಲಿದ್ದು ಇಡೀ ಫಲಕವೇ ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ. ಮಣೆಯೊಡನೆ ಮೋಟಾರೂ ಇಳಿಯುವುದರಿಂದ ಮೇಲೆ ಹೇಳಿದ ಬೆಲ್ಟಿನ ತಾಪತ್ರಯ ಅಲ್ಲಿ ಹುಟ್ಟದು. ಆದರೆ ಅವುಗಳ ತಗಡಿನ ಮಣೆಯೂ ಸಣ್ಣ ಮೋಟಾರೂ ಹೆಚ್ಚಿನ ಭಾರಕ್ಕಾಗಿ ಮಾಡಿದವಲ್ಲ.

ಹಿಡಿಕೆಯಾದರೂ ಎಲ್ಲ ಸೊಟ್ಟನ್ನೂ ತಿದ್ದಲಾರದು. ರೆಕಾರ್ಡು ಮಗುಚಿದ ಬೋಗುಣಿಯಂತೆ ನಡುವೆ ಉಬ್ಬಿದ್ದರೆ, ನಡುವನ್ನು ಒತ್ತಿದಾಗ ಅದು ಸಮವಾಗುತ್ತದೆ. ಅಂಗಾತ ಇಟ್ಟ ಬೋಗುಣಿಯಂತೆ ಅಂಚು ಮೇಲೆದ್ದಿದ್ದರೆ ನಡುವು ಮೊದಲೇ ಮಣೆಯನ್ನು ಮುಟ್ಟಿರುವುದರಿಂದ ಬರಿದೆ ಒತ್ತಿ ಫಲವಿಲ್ಲ. ಆಗ ನಡುಗೂಟಕ್ಕೆ ಒಂದು ತೆಳುವಾದ ಉಣ್ಣೆಯ ಅಥವಾ ರಬ್ಬರಿನ ಬಿಲ್ಲೆಯನ್ನು ಹಾಕಿ, ಅದರ ಮೇಲೆ ರೆಕಾರ್ಡನ್ನಿಟ್ಟು, ಕೆಳಮುಖ ತಗ್ಗಾಗಿರುವ ಹಿಡಿಕೆಯಿಂದ ಲೇಬಲಿನ ಹೊರ ಅಂಚನ್ನು ಒತ್ತಬೇಕು. ಬಿಲ್ಲೆಯು ಆನಿಕೆಯಾಗಿ ನಿಂತು ರೆಕಾರ್ಡಿನ ಅಂಚು ಕೆಳಕ್ಕೆ ಬಾಗುತ್ತದೆ. ಅಂಚಿನಲ್ಲಿ ಒಂದೆಡೆ ಮಾತ್ರ ಹಪ್ಪಳದಂತೆ ಸುರುಟಿಕೊಂಡಿದ್ದರೆ ನಡುವಿನ ಹಿಡಿಕೆಗೆ ಅದು ಎಟುಕದು. ಸಮವಾಗಿಯೇ ಇರುವ ರೆಕಾರ್ಡಿಗೆ ಹಿಡಿಕೆ ಹಾಕಿದರೆ, ಸೂಜಿಯ ತಿಕ್ಕಾಟದಿಂದ ರೆಕಾರ್ಡಿನಲ್ಲೇ ಹುಟ್ಟುವ ಕಂಪನವನ್ನು ಕೆಳಗಿನ ಹಾಸು ಹೀರಿಕೊಳ್ಳಲು ಸ್ವಲ್ಪ ಸಹಾಯವಾದೀತು. ವ್ಯತ್ಯಾಸ ಕಿವಿಗೆ ತಿಳಿಯುವಷ್ಟಿದೆಯೆ ಎಂಬುದನ್ನು ಗೆಳೆಯನೊಬ್ಬನಿಂದ ಹಿಡಿಕೆಯನ್ನು ಹಾಕಿಸಿ ತೆಗೆಸಿ, ತಾವು ಕಣ್ಣು ಮುಚ್ಚಿಕೊಂಡು ಕೇಳಿ ತೀರ್ಮಾನಿಸುವುದು ಮೇಲು.

ನಮ್ಮ ಸೀಮೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರೆನೆಲದ ಧೂಳು, ಆಷಾಢದ ಗಾಳಿ ಇವುಗಳಿಂದ ಕಿಟಕಿ ಮುಚ್ಚಿದರೂ ಹಾಸಿನ ಮೇಲೆ ಮಣ್ಣಿನ ಕಣ ಬೀಳದೆ ಇರದು. ಹಿಡಿಕೆಯಿಲ್ಲದಾಗ ರೆಕಾರ್ಡು ಆ ಕಣದ ಮೇಲೆ ಹಗುರವಾಗಿ ಕುಳಿತಿರುತ್ತದೆ. ಹಿಡಿಕೆಯಿಂದ ಬಿಗಿದಾಗ ಕಣವು ಕೆಳಮಗ್ಗುಲಿನ ಗೀರಿನೊಳಕ್ಕೆ ನಾಟುತ್ತದೆ. ಮುಂದೆ ಆ ಮಗ್ಗುಲನ್ನು ನುಡಿಸಿದಾಗ ಟಕ್ ಟಕ್ ಎಂಬ ಸದ್ದು ಶಾಶ್ವತ. ಹಾಸನ್ನೂ ರೆಕಾರ್ಡಿನ ಎರಡು ಮಗ್ಗುಲುಗಳನ್ನೂ ಮೆದು ಕೂದಲಿನ ಕುಂಚದಿಂದ ಗುಡಿಸದೆ ತಿರುಪನ್ನು ಮುಟ್ಟಬಾರದು.

78 ಸುತ್ತಿನ ಹಳೆಯ ರೆಕಾರ್ಡುಗಳಿಗಂತೂ ಈ ಉಪಕರಣ ಬೇಡವೇ ಬೇಡ. ಅವು ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ ಮಾಡಿದವು. ವಿನೈಲಿನಂತೆ ಬಾಗುವುದಿಲ್ಲ, ಒಡೆಯುತ್ತವೆ. ಸೊಟ್ಟಗಾದ ಅರಗಿನ ರೆಕಾರ್ಡನ್ನು ತಿರುಪಿನಿಂದ ಸಮ ಮಾಡಹೊರಟರೆ ಲೇಬಲಿನಿಂದ ಅಂಚಿನವರೆಗೆ ಬಿರುಕು ಬಿಟ್ಟೀತು. ಸೊಟ್ಟು ಅಲ್ಪವಾಗಿದ್ದರೆ ಇದ್ದ ಹಾಗೆಯೇ ನುಡಿಸಿ, ಒಡನೆಯೇ ಕಂಪ್ಯೂಟರಿನಲ್ಲಿ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುವುದೇ ಯುಕ್ತ.

ತಮ್ಮ ಯಂತ್ರದ ಸ್ಥಿತಿಯನ್ನು ತಾವೇ ಅರಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಈಗ ಮೊಬೈಲಿನ ಕ್ಯಾಮರಾ ಒಳ್ಳೆಯ ಸಾಧನ. ಮೋಟಾರನ್ನು ನಿಲ್ಲಿಸಿ, ಸೂಜಿಯ ತೋಳನ್ನು ಅದರ ಆನಿಕೆಗೆ ಭದ್ರಪಡಿಸಿ, ಮಣೆಯನ್ನು ನಡುಗೂಟದ ಬಳಿ ಮೆಲ್ಲನೆ ಒತ್ತಿ ಬಿಡಿರಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯಲ್ಲಿ ಅದನ್ನು ಮಗ್ಗುಲಿನಿಂದ ಚಿತ್ರೀಕರಿಸಿರಿ. ಮೇಲೆ ಹೇಳಿದ 5 ಕಿಲೋಗ್ರಾಮಿನ ಮಣೆಯಾದರೆ ಒಂದು ಕುಣಿತಕ್ಕೆ 60 ಚಿತ್ರಗಳು ಹಿಡಿಯುತ್ತವೆ. ಗುಂಡು ಇಟ್ಟಾಗ 64. ಮಣೆಯ ಎಡ ಅಂಚೂ ಬಲ ಅಂಚೂ ಒಂದೇ ಚಿತ್ರದಲ್ಲಿ ತುದಿಮುಟ್ಟುತ್ತಿವೆಯೆ, ಅಥವಾ ಒಂದು ಮುಂದಾಗಿ ಇನ್ನೊಂದು ಹಿಂದಾಗುತ್ತಿದೆಯೆ ಎಂದು ಎಣಿಸಿ ನೋಡಿರಿ. ಹಿಂದುಮುಂದಾಗುತ್ತಿದ್ದರೆ ತಿರುಪುಗಳ ಹೊಂದಿಕೆ ಇನ್ನೂ ಆಗಬೇಕಾಗಿದೆ.